ಮುಟ್ಟಬಾರದ ಕಾರು

ಮಾರ್ಚ್ 3, ಸೋಮವಾರ

ಫೇಲ್.

ಒಂದೇ ಪದ ಬರೆದು ಪುಟ ಮುಚ್ಚಿಬಿಡೋಣ ಎಂದುಕೊಂಡೆ. ಆದರೆ ಈ ಸಿಟ್ಟನ್ನು ಎಲ್ಲಾದರೂ ಸುರಿಯಬೇಕಲ್ಲ, ಅದಕ್ಕೇ ಈ ನೋಟುಬುಕ್ಕು.

ವಾಹನ ತಪಾಸಣೆಯ ಶೆಡ್ಡಿನಲ್ಲಿ ಇನ್ಸ್‌ಪೆಕ್ಟರು ಅವರ ಕಾರನ್ನು ಎರಡು ಸುತ್ತು ಓಡಿಸಿ ಇಳಿದ. ಅವರು, ನನ್ನ ಯಜಮಾನರು, ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಓಡಿಸುತ್ತಿರುವವಳು ನಾನೇ, ಆದರೂ ಬಾಯಲ್ಲಿ ಬರುವುದು 'ಅವರ ಕಾರು' ಎಂದೇ.

"ಮುಂದಿನ ಚಕ್ರ ಎರಡೂ ಗುಂಯ್‌ಗುಡ್ತಿವೆ. ಬ್ರೇಕ್ ಡಿಸ್ಕ್ ನೋಡಿ, ತುಕ್ಕು ತಿಂದು ಸವೆದ ಚಪ್ಪಲಿ ಆಗಿವೆ" ಎಂದ. "ಹದಿನಾಲ್ಕು ದಿನ ಟೈಮು. ಹದಿನೇಳಕ್ಕೆ ತನ್ನಿ. ಅವತ್ತೂ ಫೇಲಾದ್ರೆ ಪರ್ಮಿಟ್ ರದ್ದು. ಇಷ್ಟು ಹಳೇ ಗಾಡಿಗೆ ಹೊಸ ಪರ್ಮಿಟ್ ಕೊಡಲ್ಲ, ಗೊತ್ತಲ್ಲಮ್ಮ."

ಗೊತ್ತು. ಪರ್ಮಿಟ್ ಹೋದರೆ ಆಸ್ಪತ್ರೆಯ ಲಾಂಡ್ರಿಗೆ ದಿನಾ ಬೆಳಗ್ಗೆ ನಾನು ಕರೆದೊಯ್ಯುವ ಐದು ಜನ ಹೆಂಗಸರು ಭಾವನ ವ್ಯಾನಿನ ಪಾಲು. ನಾನು ಯಾರದಾದರೂ ಮನೆಯ ನೆಲ ಒರೆಸುವ ಕೆಲಸದ ಪಾಲು.

ಭಾವನ ಗ್ಯಾರೇಜು ಬೀದಿಯ ತುದಿಯಲ್ಲೇ ಇದೆ. ಸ್ವಂತ ತಮ್ಮನ ಕಾರು. ಹೋಗಿ ಕೇಳಿದೆ. ಬಗ್ಗಿ ಕೂಡ ನೋಡಲಿಲ್ಲ.

"ಹೈಬ್ರಿಡ್ ನಾನು ಮುಟ್ಟಲ್ಲಮ್ಮ. ಅರ್ಧ ಪೆಟ್ರೋಲು, ಅರ್ಧ ಕರೆಂಟು. ಹೊಡೀತು ಅಂದ್ರೆ ಬೂದಿ. ಸುಮ್ನೆ ನನಗೆ ಬಿಟ್ಕೊಡು, ಬ್ಯಾಟರಿ ತೆಗೆದು ಉಳಿದಿದ್ದನ್ನ ಗುಜರಿಗೆ ಹಾಕ್ತೀನಿ."

ಮುಟ್ಟದವನಿಗೆ ಬ್ಯಾಟರಿ ಮಾತ್ರ ಹೇಗೆ ಮುಟ್ಟಲು ಬರುತ್ತದೋ.

ಮನೆಗೆ ಬಂದರೆ ಅತ್ತೆ ಕಿಟಕಿಯಲ್ಲಿ. "ನನ್ನ ಮಗ ಇದ್ದಿದ್ರೆ ಹೀಗಾಗ್ತಿರಲಿಲ್ಲ." ಈ ಮಾತು ನನಗೆ ದಿನಕ್ಕೆ ಮೂರು ಹೊತ್ತು, ಮಾತ್ರೆಯ ಹಾಗೆ.

ಮಾರ್ಚ್ 4, ಮಂಗಳವಾರ

ಕಂಪನಿಯ ಸರ್ವೀಸ್ ಸೆಂಟರಿಗೆ ಹೋದೆ. ಗಾಜಿನ ಬಾಗಿಲು, ತಣ್ಣನೆ ಗಾಳಿ, ಕೂತರೆ ಏಳಲಾಗದ ಸೋಫಾ. ಟೈ ಕಟ್ಟಿದವನೊಬ್ಬ ಕಾರಿನ ಬಾನೆಟ್ಟನ್ನೂ ತೆಗೆಯದೆ ಕಂಪ್ಯೂಟರ್ ನೋಡಿ ತೀರ್ಪು ಕೊಟ್ಟ: ಮೋಟಾರು ಹೋಗಿದೆ, ಹಳೇ ಮಾಡೆಲ್ಲು, ಹೊಸದು ತಗೊಳ್ಳಿ.

"ಸದ್ದು ಬರ್ತಿರೋದು ಚಕ್ರದಿಂದಲ್ವಾ?" ಎಂದೆ.

"ಹೈ ವೋಲ್ಟೇಜ್ ಗಾಡಿ ಮೇಡಂ. ನೀವು ಮುಟ್ಟಬೇಡಿ. ಹೊರಗಿನವರ ಕೈಲಿ ಮುಟ್ಟಿಸಲೂ ಬೇಡಿ."

ಮುಟ್ಟಬೇಡಿ. ಈ ಪದವನ್ನು ನಾನು ಇವತ್ತು ಮೊದಲ ಸಲ ಕೇಳಿದ್ದಲ್ಲ. ಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಬಸ್ಸು ತೊಳೆದವಳು ನಾನು. ತೊಳೆಯುವವರು ಹೆಂಗಸರು, ಬಿಚ್ಚುವವರು ಗಂಡಸರು. ಬಸ್ಸಿನ ಹೊಟ್ಟೆಯಡಿ ತೂರಿ ಕೆಸರು ಕೆರೆಯಬಹುದು, ಅಲ್ಲೇ ಸಡಿಲವಾಗಿ ಅಲ್ಲಾಡುವ ಬೋಲ್ಟನ್ನು ಬಿಗಿಯುವ ಹಾಗಿಲ್ಲ. ಪಾನಾ ಮುಟ್ಟಿದಳೆಂದು ನಮ್ಮಲ್ಲೊಬ್ಬಳಿಗೆ ಮೆಮೊ ಕೊಟ್ಟರು. ಮೂವತ್ತು ಜನ ಗೇಟಿನ ಮುಂದೆ ಕೂತೆವು, ಹನ್ನೊಂದು ದಿನ. ಮೆಮೊ ವಾಪಸ್ ಹೋಯಿತು. ಪಾನಾ ಮಾತ್ರ ನಮ್ಮ ಕೈಗೆ ಬರಲಿಲ್ಲ.

ಎಲ್ಲ ಕಾಲದಲ್ಲೂ ಎಲ್ಲ ಒಡೆಯರೂ ಹೇಳಿದ್ದು ಇದೇ. ಬಾವಿ ಮುಟ್ಟಬೇಡ, ಪುಸ್ತಕ ಮುಟ್ಟಬೇಡ, ಯಂತ್ರ ಮುಟ್ಟಬೇಡ. ಮುಟ್ಟಿದರೆ ನಿನಗೇ ಅಪಾಯ ಎನ್ನುತ್ತಾರೆ. ಅಪಾಯ ಯಾರಿಗೆಂದು ನಮಗೆ ಗೊತ್ತಿಲ್ಲವೇ? ಧಿಕ್ಕಾರ ಇವರ ಗಾಜಿನ ಬಾಗಿಲಿಗೆ.

ಧಿಕ್ಕಾರ ಹಾಕಿದ್ದರಿಂದ ಚಕ್ರದ ಸದ್ದು ನಿಲ್ಲುವುದಿಲ್ಲ, ಅದೂ ಗೊತ್ತು. ಯಾರನ್ನು ಕೇಳಲಿ?

ಮಾರ್ಚ್ 6, ಗುರುವಾರ

ಖಾಲಿ ರಸ್ತೆಯಲ್ಲಿ ಕಾರು ಓಡಿಸುತ್ತಾ ಕಿವಿಗೊಟ್ಟೆ. ಎಡಕ್ಕೆ ತಿರುಗಿದಾಗ ಗುಂಯ್ ಜಾಸ್ತಿ, ಬಲಕ್ಕೆ ತಿರುಗಿದರೆ ಸ್ವಲ್ಪ ಕಡಿಮೆ. ಎಡಕ್ಕೆ ತಿರುಗಿದಾಗ ಭಾರವೆಲ್ಲ ಬಲಚಕ್ರದ ಮೇಲೆ. ಹಾಗಾದರೆ ಹೆಚ್ಚು ಕೆಟ್ಟದ್ದು ಬಲದ್ದು.

ಮನೆಯ ಮುಂದೆ ಜಾಕ್ ಕೊಟ್ಟು ಎತ್ತಿದೆ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯನ್ನು ಅದರ ಮೇಲಿನ ಸ್ಪ್ರಿಂಗಿನ ಮೇಲಿಟ್ಟೆ. ಮರಳು ಅರೆದಂಥ ನಡುಕ ಬೆರಳಿಗೆ ಬಂತು. ಎಡದಲ್ಲೂ ಬಂತು, ಕೊಂಚ ಕಡಿಮೆ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನೇ, ನಾಡಿ ನೋಡ್ತಿದ್ದೀಯಾ?"

"ಹೂಂ ಅತ್ತೆ."

"ಬದುಕುತ್ತಾ?"

ಬಿಡಿಭಾಗದ ಅಂಗಡಿಯ ತಾತನ ಬಳಿ ಹೋಗಿ ಮುಂದಿನ ಚಕ್ರಗಳನ್ನು ನುಣ್ಣಗೆ ಉರುಳಿಸುವ ಎರಡು ಬೇರಿಂಗು, ಎರಡು ಡಿಸ್ಕು, ಪ್ಯಾಡು ಕೇಳಿದೆ. "ಯಾರು ಹಾಕ್ತಾರಮ್ಮ?" ಎಂದರು. "ನಾನೇ" ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ಬೆವರು. ತಾತ ಕನ್ನಡಕದ ಮೇಲಿಂದ ಒಂದು ಗಳಿಗೆ ನೋಡಿ, ಒಳಗಿನಿಂದ ಎಣ್ಣೆ ಮೆತ್ತಿದ ರಿಪೇರಿ ಪುಸ್ತಕ ತಂದು ಎದುರಿಗಿಟ್ಟರು.

"ಮೊದಲು ಬ್ಯಾಟರಿಯ ತಂತಿ ಬಿಚ್ಚು. ಕೀಲಿ ಮನೆಯೊಳಗೆ ಇಡು, ಗಾಡಿ ಹತ್ರ ಬೇಡವೇ ಬೇಡ. ಈ ಕಾರಿನ ಬ್ರೇಕಿಗೆ ಅದರದೇ ಪಂಪ್ ಇದೆ. ಬಾಗಿಲು ತೆಗೆದರೆ ಸಾಕು, ಎದ್ದು ಕೂತು ಒತ್ತಡ ಕೊಡುತ್ತೆ. ಆಗ ನಿನ್ನ ಬೆರಳು ನಡುವೆ ಇದ್ರೆ ಬೆರಳು ಅಲ್ಲೇ."

"ಮತ್ತೆ ಆ ಹೈ ವೋಲ್ಟೇಜು?"

"ಅದು ಓಡೋದು ಕಿತ್ತಳೆ ಬಣ್ಣದ ವೈರಲ್ಲಿ. ಕಂಡ್ರೆ ಕೈ ಹಿಂದಕ್ಕೆ ತಗೋ. ಆದ್ರೆ ಚಕ್ರದ ಹತ್ರ ಕಿತ್ತಳೆ ವೈರೇ ಇಲ್ಲ ತಾಯಿ."

ಇಲ್ಲ! ಇಡೀ ಬೀದಿಯನ್ನು ಹೆದರಿಸಿಟ್ಟ ಭೂತ ಆ ಕಡೆ ಸುಳಿಯುವುದೇ ಇಲ್ಲ.

ಮಾರ್ಚ್ 8, ಶನಿವಾರ

ಕೀಲಿಯನ್ನು ಅತ್ತೆಯ ವಶಕ್ಕೆ ಕೊಟ್ಟೆ. "ಮಗ ಇದ್ದಾಗಲೂ ಇದು ನನ್ನ ಕೈಗೆ ಬಂದಿರಲಿಲ್ಲ" ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದರು. ಎಲ್ಲಿಟ್ಟಿದ್ದಾರೋ ನನಗೂ ಹೇಳಿಲ್ಲ.

ಚಕ್ರದ ನಟ್ಟನಡುವೆ ಆಕ್ಸಲಿನ ದೊಡ್ಡ ನಟ್ಟು. ಸಡಿಲವಾಗದಿರಲೆಂದು ಅದರ ಅಂಚನ್ನು ಗುದ್ದಿ ಮಡಚಿರುತ್ತಾರೆ. ಉಳಿಯಿಂದ ಮಡಿಕೆ ಎಬ್ಬಿಸಿದೆ. ಕಾರು ನೆಲದ ಮೇಲಿರುವಾಗಲೇ ಈ ನಟ್ಟು ಸಡಿಲಿಸಬೇಕು, ಎತ್ತಿದ ಮೇಲೆ ಚಕ್ರವೇ ತಿರುಗಿಬಿಡುತ್ತದೆ. ಪಾನಾ ಹಾಕಿ ಎಳೆದೆ. ಜಗ್ಗಿದೆ. ಒದ್ದೆ. ಉದ್ದಕ್ಕೆ ನೀರಿನ ಪೈಪು ಸಿಕ್ಕಿಸಿ ಅದರ ತುದಿಯ ಮೇಲೆ ಹತ್ತಿ ನಿಂತೆ. ನನ್ನ ಎಂಬತ್ತು ಕಿಲೋ ಮೈಗೆ ಇಷ್ಟು ವರ್ಷ ಬರೀ ನಗೆಯಾಡಿದ ಬೀದಿ ಇದು. ಎಂಬತ್ತು ಕಿಲೋಗೂ ನಟ್ಟು ಜಪ್ಪಯ್ಯ ಎನ್ನಲಿಲ್ಲ.

ಭಾವ ಗೇಟಿಗೆ ಒರಗಿ ನಿಂತಿದ್ದ, ಜೊತೆಗೆ ಗ್ಯಾರೇಜಿನ ಇಬ್ಬರು.

"ಏನಮ್ಮ, ಸರ್ಕಸ್ಸು ಎಷ್ಟೊತ್ತಿಗೆ ಶುರು?"

"ಟಿಕೆಟ್ ತಗೊಂಡಿದ್ದೀರಾ ಭಾವ?"

"ಹೆಂಗಸರು ಬಿಚ್ಚಿದ ಬ್ರೇಕು ನಂಬಿ ಯಾರಮ್ಮ ಹತ್ತುತಾರೆ? ನಾಲ್ಕು ಜೀವ ತೆಗೆದು ಜೈಲಿಗೆ ಹೋಗ್ತೀಯ."

ಆಗ ಅತ್ತೆ ಹೊರಗೆ ಬಂದರು. ನನ್ನ ಪಕ್ಷ ವಹಿಸಲು ಬಂದರೆಂದು ನಾನೇನೂ ಭಾವಿಸಿರಲಿಲ್ಲ. ಬಂದವರೇ ನನ್ನ ಭುಜ ಹಿಡಿದು, ಉಸ್ಸಪ್ಪಾ ಎಂದು ಪೈಪಿನ ಮೇಲೆ ಕಾಲಿಟ್ಟರು.

"ಅತ್ತೆ, ಬೀಳ್ತೀರಿ."

"ಬಿದ್ರೆ ನಿನ್ನ ಮೇಲೆ ತಾನೆ ಬೀಳೋದು. ಮೆತ್ತಗಿದ್ದೀಯ. ಹೂಂ, ಒಂದು, ಎರಡು..."

ಗುಂಡು ಹಾರಿದ ಹಾಗೆ ಸದ್ದಾಯಿತು. ಪೈಪು ನೆಲಕ್ಕೆ, ನಾವಿಬ್ಬರೂ ಬಾನೆಟ್ಟಿನ ಮೇಲೆ. ನಟ್ಟು ಸಡಿಲವಾಗಿತ್ತು. ಅತ್ತೆ ಎದ್ದು ಬಟ್ಟೆ ಕೊಡವಿಕೊಂಡು ಮಗನ ಕಡೆ ನೋಡಿದರು.

"ಲೋ ದೊಡ್ಡವನೇ, ಗಂಡಸರು ಬಿಗಿದಿದ್ದನ್ನ ಬಿಚ್ಚೋಕೆ ಎರಡು ತಲೆಮಾರಿನ ಹೆಂಗಸರ ಭಾರ ಬೇಕಾಯ್ತು ನೋಡು. ಎಡಗಡೆದೂ ಬಾಕಿ ಇದೆ. ನಿಂತ್ಕೊಂಡು ನೋಡೋ ಹಾಗಿದ್ರೆ ಕುರ್ಚಿ ಹಾಕಿಸ್ತೀನಿ."

ಇಬ್ಬರು ಗ್ಯಾರೇಜಿನವರಿಗೂ ನಗು ತಡೆಯಲಾಗಲಿಲ್ಲ. ಭಾವ ಅವರನ್ನು ಕರೆದುಕೊಂಡು ಹೋದ.

ಎಡದ್ದು ಎರಡನೇ ಸಲಕ್ಕೇ ಬಂತು.

ಮಾರ್ಚ್ 9, ಭಾನುವಾರ

ಬಲಚಕ್ರ. ಕ್ಯಾಲಿಪರ್ ಎಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕಬ್ಬಿಣದ ಮುಷ್ಟಿ. ಅದನ್ನು ಬಿಚ್ಚಿ, ಬ್ರೇಕ್ ಎಣ್ಣೆಯ ಪೈಪಿನ ಮೇಲೆ ಭಾರ ಬೀಳದ ಹಾಗೆ ತಂತಿಯಿಂದ ಸ್ಪ್ರಿಂಗಿಗೆ ನೇತುಹಾಕಿದೆ. ಅಲ್ಲಿಗೆ ಕೆಲಸ ನಿಂತಿತು. ಡಿಸ್ಕು ತುಕ್ಕಿನಲ್ಲಿ ಬೇರುಬಿಟ್ಟು ಕೂತಿದೆ. ಅರ್ಧ ಗಂಟೆ ಸುತ್ತಿಗೆ ಬೀಸಿದೆ. ಕೈಗೆ ಬೊಬ್ಬೆ ಬಂತೇ ಹೊರತು ಅದು ಕದಲಲಿಲ್ಲ.

ಚಹಾ ಹಿಡಿದು ಅದರ ಎದುರು ಕೂತೆ. ಸುಮ್ಮನೆ ನೋಡಿದೆ. ಡಿಸ್ಕಿನ ಮುಖದಲ್ಲಿ ಎರಡು ಸಣ್ಣ ತೂತು. ಅದರಲ್ಲಿ ಬೋಲ್ಟು ಇರಲಿಲ್ಲ, ನಾನು ಬಿಚ್ಚಿಯೂ ಇಲ್ಲ. ಒಳಗೆ ಬೆರಳಾಡಿಸಿದರೆ ತಿರುಪಿನ ಗೆರೆ. ಖಾಲಿ ತೂತಿಗೆ ಯಾಕಪ್ಪ ತಿರುಪು ಕೊರೆದಿದ್ದಾರೆ? ಡಬ್ಬಿಯಲ್ಲಿದ್ದ ಬೋಲ್ಟುಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ, ಒಂದು ಜೊತೆ ಸರಿಹೊಂದಿತು. ಬಿಗಿಯುತ್ತಾ ಹೋದರೆ ಬೋಲ್ಟಿನ ತುದಿ ಹಿಂದಿನ ಕಬ್ಬಿಣಕ್ಕೆ ತಾಗಿ ಡಿಸ್ಕನ್ನೇ ಮುಂದಕ್ಕೆ ನೂಕಬೇಕು. ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು. ನಾಲ್ಕನೇ ಸುತ್ತಿಗೆ ಡಿಸ್ಕು ಟಣ್ ಎಂದು ಕಳಚಿ ನನ್ನ ಮಡಿಲಿಗೆ ಬಿತ್ತು.

ಸುತ್ತಿಗೆಯ ಮಾತು ಕೇಳದ್ದು ಎರಡು ಪುಟ್ಟ ಬೋಲ್ಟಿನ ಮಾತು ಕೇಳಿತು. ಬಿಚ್ಚುವ ದಾರಿಯನ್ನು ಮಾಡಿದವನೇ ಇಟ್ಟಿದ್ದಾನೆ, ನಮಗೆ ಹೇಳುವವರು ಇಲ್ಲ ಅಷ್ಟೆ.

ಹಳೆಯ ಡಿಸ್ಕನ್ನು ತಿರುಗಿಸಿ ನೋಡಿದೆ. ಈ ಕಾರಿನಲ್ಲಿ ಬ್ರೇಕ್ ಒತ್ತಿದರೆ ಮೊದಲು ಮೋಟಾರೇ ವೇಗ ನುಂಗಿ ಬ್ಯಾಟರಿಗೆ ಕಳಿಸುತ್ತದೆ. ಪ್ಯಾಡು ಡಿಸ್ಕಿಗೆ ಗಟ್ಟಿಯಾಗಿ ತಾಕುವುದೇ ಅಪರೂಪ. ದುಡಿದು ಸವೆದದ್ದಲ್ಲ ಇದು, ಕೆಲಸ ಕೊಡದೆ ಕೂರಿಸಿ ಕೊಳೆಸಿದ್ದು. ಇಂಥ ಮೂವತ್ತು ಜೊತೆ ಕೈಗಳನ್ನು ಡಿಪೋದಲ್ಲಿ ನೋಡಿದ್ದೇನೆ.

ಬೇರಿಂಗ್ ಹಿಂದಿನ ನಾಲ್ಕು ಬೋಲ್ಟಿನಲ್ಲಿ ಕೂತಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಒಂದು ತಾಸು ಬಿಟ್ಟು, ಸುತ್ತಲೂ ತಟ್ಟಿ ತಟ್ಟಿ ಕಿತ್ತೆ. ಕೂರುವ ಜಾಗವನ್ನು ತಂತಿಬ್ರಷ್ಷಿನಿಂದ ಉಜ್ಜಿದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ, ಅದನ್ನು ಸೋಪಿನಲ್ಲಿ ತೊಳೆದು ಒರೆಸಿಯೇ ಹಾಕಬೇಕು. ಇಷ್ಟಕ್ಕೆ ನನಗೆ ತಾತನ ಪುಸ್ತಕ ಬೇಡ.

ಕತ್ತಲಾಗುವ ಮುಂಚೆ ಬಲಚಕ್ರ ಮುಗಿಯಿತು. ಕೈಯಲ್ಲಿ ತಿರುಗಿಸಿದರೆ ಸದ್ದೇ ಇಲ್ಲ.

ನಾಳೆಗೆ ಬೇಕಾದ ಎಡದ ಬೇರಿಂಗನ್ನು ಡಬ್ಬದಿಂದ ತೆಗೆದು ಆಯಸ್ಕಾಂತದ ಮೇಲೆ ಕೂರಿಸಿ ಬಟ್ಟೆ ಮುಚ್ಚಿದೆ. ನಮ್ಮ ಮೆರವಣಿಗೆಯ ಲೌಡ್‌ಸ್ಪೀಕರನ್ನು ಪೊಲೀಸರು ಒಡೆದುಹಾಕಿದಾಗ ಉಳಿದ ಆಯಸ್ಕಾಂತ ಅದು. ಡಿಪೋದಲ್ಲಿ ಅದಕ್ಕೆ ಹಗ್ಗ ಕಟ್ಟಿ ಚರಂಡಿಯಲ್ಲಿ ಎಳೆದು, ಬಿದ್ದ ನಟ್ಟುಗಳನ್ನೆಲ್ಲ ಹೆಕ್ಕುತ್ತಿದ್ದೆವು. ಕಬ್ಬಿಣದ್ದು ಏನೇ ಇರಲಿ ಆಯಸ್ಕಾಂತದ ಮೇಲಿಡು, ಕಳೆಯುವುದಿಲ್ಲ: ತೊಳೆಯುವ ಅಂಗಳದ ಕಾನೂನು.

ಮಾರ್ಚ್ 10, ಸೋಮವಾರ

ಎಡದ್ದೂ ಆಯಿತು. ನಿನ್ನೆ ಇಡೀ ದಿನ ತಿಂದದ್ದು ಇವತ್ತು ಅರ್ಧ ದಿನ. ಅತ್ತೆ ಪಾನಾಗಳ ನಂಬರು ಕಲಿತಿದ್ದಾರೆ. "ಹದಿನಾಲ್ಕು ಕೊಡಿ" ಎಂದರೆ ಹದಿನೇಳು ಕೊಡುತ್ತಾರೆ, ಆದರೆ ಕೊಡುತ್ತಾರೆ.

ಮಾರ್ಚ್ 11, ಮಂಗಳವಾರ

ಬೀದಿ ದಾಟಿರಲಿಲ್ಲ, ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಬ್ರೇಕಿನ ದೀಪ. ನಿಲ್ಲಿಸಿ, ಮತ್ತೆ ಹೊರಟೆ. ಮತ್ತೆ ಹತ್ತಿತು. ಗುಂಯ್ ಪೂರ್ತಿ ಹೋಗಿದೆ, ಬ್ರೇಕೂ ಹಿಡಿಯುತ್ತದೆ. ಆದರೆ ದೀಪ ಉರಿಯುವ ಗಾಡಿಯನ್ನು ಇನ್ಸ್‌ಪೆಕ್ಟರು ಒಳಗೇ ಬಿಡುವುದಿಲ್ಲ.

ಭಾವ ವ್ಯಾನು ನಿಲ್ಲಿಸಿ ಇಣುಕಿದ. ಒಳಗೆ ನನ್ನ ಐದು ಜನ ಲಾಂಡ್ರಿಯವರು, ಬುಟ್ಟಿಯಲ್ಲಿ ತುರುಕಿದ ಬಟ್ಟೆಯ ಹಾಗೆ.

"ಹೇಳಿದ್ನಲ್ಲಮ್ಮ. ಕಂಪ್ಯೂಟರ್ ಗಾಡಿ, ಬಟ್ಟೆ ಒಗೆದ ಹಾಗಲ್ಲ."

ಕಾರು ತಿರುಗಿಸಿ ಮನೆಗೆ ತಂದೆ.

ಆರು ದಿನ ಉಳಿದಿದೆ.

ಮಾರ್ಚ್ 13, ಗುರುವಾರ

ನಿನ್ನೆಯೆಲ್ಲ ಪುಸ್ತಕ. ದೀಪದ ಅರ್ಥ ಸಿಕ್ಕಿತು: ಯಾವುದೋ ಒಂದು ಚಕ್ರದ ವೇಗ ಕಾರಿಗೆ ತಿಳಿಯುತ್ತಿಲ್ಲ. ಯಾವ ಚಕ್ರ? ವೇಗ ಅಳೆಯುವ ಎಡದ ಸೆನ್ಸರನ್ನು ಬಿಚ್ಚಿ ಒರೆಸಿದೆ, ವೈರು ನೋಡಿದೆ, ಎಲ್ಲ ನೆಟ್ಟಗಿದೆ. ಬಲದ್ದೂ ನೆಟ್ಟಗಿದೆ. ಎರಡಕ್ಕೂ ಒಂದೇ ಕಡೆಯ ಮಾಲು, ಒಂದೇ ಕೈಯ ಕೆಲಸ. ಅವಸರದಲ್ಲಿ ಮುಗಿಸಿದ್ದು ಎಡದ್ದು, ಅನುಮಾನ ಅದರ ಮೇಲೆಯೇ. ಬಲದಲ್ಲಿ ಮಾಡದ್ದು ಎಡದಲ್ಲಿ ಏನು ಮಾಡಿದೆ? ತಲೆ ಕೆಟ್ಟು, ಎಡದ ಬೇರಿಂಗನ್ನೇ ಮತ್ತೆ ಬಿಚ್ಚಿ ತಾತನ ಮೇಜಿನ ಮೇಲಿಟ್ಟೆ.

ತಾತ ಕೇಳಿದ್ದು ಒಂದೇ ಪ್ರಶ್ನೆ. "ಹಾಕೋ ಮುಂಚೆ ಇದನ್ನ ಎಲ್ಲಿಟ್ಟಿದ್ದೆ ತಾಯಿ?"

ಹೇಳಿದೆ.

ತಾತ ಕಪಾಟಿನಿಂದ ಅಂಥದೇ ಹೊಸ ಬೇರಿಂಗ್ ತೆಗೆದರು. ಎರಡರ ಬೆನ್ನಿಗೂ ತೆಳು ಕಾಗದ ಹಾಸಿ ಕಬ್ಬಿಣದ ಪುಡಿ ಉದುರಿಸಿದರು. ಹೊಸದರ ಮೇಲೆ ಪುಡಿ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ ಗೆರೆಯಾಗಿ ಎದ್ದು ನಿಂತಿತು. ನನ್ನದರ ಮೇಲೆ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಬೋಳು.

"ಬೆನ್ನಲ್ಲಿರೋ ಈ ಕಪ್ಪು ಉಂಗುರದೊಳಗೆ ಪುಟ್ಟ ಪುಟ್ಟ ಆಯಸ್ಕಾಂತ ಸಾಲಾಗಿ ಕೂತಿವೆ. ಚಕ್ರ ತಿರುಗಿದಾಗ ಸೆನ್ಸರು ಅವನ್ನ ಎಣಿಸುತ್ತೆ. ನಿನ್ನ ದೊಡ್ಡ ಆಯಸ್ಕಾಂತದ ಮೇಲೆ ರಾತ್ರಿಯಿಡೀ ಕೂತು ಎಲ್ಲಾ ತಮ್ಮ ಸಾಲು ಮರೆತಿವೆ."

ಕಂಪನಿ ಮೋಸ ಮಾಡಲಿಲ್ಲ, ಭಾವ ಕೈಯಾಡಿಸಲಿಲ್ಲ. ಮಾಡಿದವಳು ನಾನು. ಇಪ್ಪತ್ತೆರಡು ವರ್ಷ ಎದೆಯುಬ್ಬಿಸಿ ಹೇಳಿಕೊಂಡ ಕಾನೂನೇ ಕೆಡಿಸಿತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಪುಡಿ ಗೆರೆಗೆರೆಯಾಗಿ ನಿಂತದ್ದು ಎಷ್ಟು ಚೆಂದವಿತ್ತೆಂದರೆ ತಾತನ ಕೈಯಿಂದ ಡಬ್ಬಿ ತೆಗೆದುಕೊಂಡು ಇನ್ನೊಂದು ಸಲ ನಾನೇ ಉದುರಿಸಿ ನೋಡಿದೆ.

ಹೊಸ ಬೇರಿಂಗನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಅತ್ತೆ ಅದನ್ನು ಡಬ್ಬದ ಸಮೇತ ಕೀಲಿಯ ಜೊತೆಗೇ ಬಚ್ಚಿಟ್ಟರು.

ಮಾರ್ಚ್ 14, ಶುಕ್ರವಾರ

ಎಡಚಕ್ರ, ಎರಡನೇ ಸಲ. ಒಂದು ಗಂಟೆ ನಲವತ್ತು ನಿಮಿಷ.

ಹಿಂದಿನ ನಾಲ್ಕು ಬೋಲ್ಟು ಅಡ್ಡಡ್ಡ ಬಿಗಿ. ಆಕ್ಸಲಿಗೆ ಹೊಸ ನಟ್ಟು, ಬಿಗಿತ ಅಳೆಯುವ ಟಾರ್ಕ್ ಪಾನಾ ಟಕ್ ಎನ್ನುವವರೆಗೆ, ಆಮೇಲೆ ಅಂಚು ಗುದ್ದಿ ಮಡಚು. ಕ್ಯಾಲಿಪರಿನ ಜಾರುವ ಪಿನ್ನಿಗೆ ಗ್ರೀಸು, ಡಿಸ್ಕಿನ ಮುಖಕ್ಕೆ ಒಂದು ಬೆರಳಿನ ಗುರುತೂ ಬೇಡ. ಬ್ಯಾಟರಿ ತಂತಿ. ಕೀಲಿ. ಹೊರಡುವ ಮುಂಚೆ ಬ್ರೇಕ್ ಪೆಡಲು ಗಟ್ಟಿಯಾಗುವ ತನಕ ಒತ್ತು.

ಬೀದಿಯ ತಿರುವಿನ ಹೊತ್ತಿಗೆ ದೀಪ ಆರಿತು.

ಪ್ಯಾಡನ್ನು ಹೊಸ ಡಿಸ್ಕಿಗೆ ಪಳಗಿಸಬೇಕು. ಮಾಮೂಲಿಯಾಗಿ ಬ್ರೇಕ್ ಒತ್ತಿದರೆ ಮೋಟಾರು ನಡುವೆ ಬಾಯಿ ಹಾಕುತ್ತದೆ. ವೇಗ ಹಿಡಿದು ನ್ಯೂಟ್ರಲ್ಲಿಗೆ ಹಾಕಿ ಒತ್ತಿದರೆ ಡಿಸ್ಕೊಂದೇ ಕೆಲಸ ಮಾಡುತ್ತದೆ. ಊರ ಹೊರಗಿನ ರಸ್ತೆಯಲ್ಲಿ ಇಪ್ಪತ್ತು ಸಲ ಮಾಡಿದೆ. ಹಿಂದಿನ ಸೀಟಿನಲ್ಲಿ ಅತ್ತೆ, ಬರುತ್ತೇನೆಂದು ಹಟ ಹಿಡಿದವರು.

"ಹೋಗ್ತೀಯೋ ನಿಲ್ತೀಯೋ, ಒಂದು ತೀರ್ಮಾನ ಮಾಡೇ."

ಹದಿನೈದನೇ ಸಲಕ್ಕೆ ಡಿಸ್ಕು ಬೆಳ್ಳಗೆ ಹೊಳೆಯಿತು. ಅತ್ತೆ ಇಳಿದು ಬಂದು ಬಗ್ಗಿ ನೋಡಿದರು. ತಮ್ಮ ಮುಖ ಕಾಣುತ್ತದೆಯೇ ಎಂದು ನೋಡುತ್ತಿದ್ದರೆಂದು ಕಾಣುತ್ತದೆ.

ಮಾರ್ಚ್ 17, ಸೋಮವಾರ

ತಪಾಸಣೆಯ ಸಾಲಿನಲ್ಲಿ ಹಿಂದಿದ್ದ ಟ್ಯಾಕ್ಸಿಯವನ ಗಾಡಿ ಗುಂಯ್‌ಗುಡುತ್ತಿತ್ತು. ಇಳಿದುಹೋಗಿ ಯಾವ ಕಡೆ ತಿರುಗಿದರೆ ಜಾಸ್ತಿ ಎಂದು ಕೇಳಿದೆ. ಬಲಕ್ಕೆ ಎಂದ. ನಿನ್ನ ಎಡಗಡೆಯ ಬೇರಿಂಗ್ ಕಣಪ್ಪ ಎಂದು ಹೇಳಿ ಬಂದೆ.

ಇನ್ಸ್‌ಪೆಕ್ಟರು ಕಾರನ್ನು ಬ್ರೇಕಿನ ಹಿಡಿತ ಅಳೆಯುವ ಉರುಳೆಗಳ ಮೇಲೆ ಹತ್ತಿಸಿ ಬ್ರೇಕ್ ಒತ್ತಿದ. ಅಳತೆಯ ಮೀಟರಿನಲ್ಲಿ ಎಡದ ಮುಳ್ಳು, ಬಲದ ಮುಳ್ಳು ಜೊತೆಜೊತೆಯಾಗಿ ಎದ್ದು ಒಂದೇ ಮಟ್ಟದಲ್ಲಿ ನಿಂತವು. ನಂಬಿಕೆಯಾಗದೆ ಇನ್ನೊಂದು ಸಲ ಒತ್ತಿದ. ಮತ್ತೆ ಅದೇ. ಅಡಿಗೆ ಇಳಿದು ಟಾರ್ಚ್ ಹಾಕಿ ನೋಡಿದ. ಮೇಲೆ ಬಂದು ಓಡಿಸಿದ, ಕಿಟಕಿ ಮುಚ್ಚಿ, ರೇಡಿಯೊ ಆರಿಸಿ.

"ಯಾವ ಗ್ಯಾರೇಜಮ್ಮ?"

"ಮನೆ ಮುಂದೆ."

"ಅಲ್ಲ, ಮಾಡಿದ್ದು ಯಾರು?"

"ನಾನು."

ಪೆನ್ನು ನಿಂತಿತು. "ಹಾಗೆಲ್ಲ ಆಗಲ್ಲ. ಗ್ಯಾರೇಜಿನ ಸೀಲು ಬೇಕು."

ಹಿಂದಿನ ನಾನಾಗಿದ್ದರೆ ಅಲ್ಲೇ ಧರಣಿ ಕೂರುತ್ತಿದ್ದೆ. ಇವತ್ತು ಗಂಟಲು ಏರಲೇ ಇಲ್ಲ, ಯಾಕೋ. ಫಾರಂ ಕೊಡಿ ಸಾರ್ ಎಂದು ಇಸಿದುಕೊಂಡು ಆ ಸಾಲನ್ನು ಗಟ್ಟಿಯಾಗಿ ಓದಿದೆ: ದುರಸ್ತಿ ಮಾಡಿದವರ ಹೆಸರು ಮತ್ತು ಸಹಿ. "ಸೀಲು ಅಂತ ಎಲ್ಲಿದೆ, ಬೆರಳಿಟ್ಟು ತೋರ್ಸಿ. ಕೆಲಸದಲ್ಲಿ ತಪ್ಪಿದ್ರೆ ಅದನ್ನೂ ತೋರ್ಸಿ, ಇಲ್ಲೇ ಬಿಚ್ಚಿ ಸರಿ ಮಾಡ್ತೀನಿ. ಪಾನಾ ಡಿಕ್ಕಿಯಲ್ಲೇ ಇದೆ."

ಅವನು ಮೇಲಿಂದ ಕೆಳಕ್ಕೆ ಫಾರಂ ಓದಿದ. ತಿರುಗಿಸಿ ಹಿಂಬದಿಯೂ ಓದಿದ. ಹಿಂದಿನ ಸಾಲಿನವರೆಲ್ಲ ಕಾರಿನಿಂದ ಇಳಿದು ಬಂದಿದ್ದರು.

"ಸಹಿ ಹಾಕಿ" ಎಂದ. "ಬಿಡಿಸಿ ಬರೀರಿ, ಓದೋ ಹಾಗಿರ್ಲಿ."

ಓದುವ ಹಾಗೇ ಬರೆದೆ. ಪಾಸ್.

ಅತ್ತೆ ಸುದ್ದಿ ಕೇಳಿದವರೇ ಭಾವನ ಗ್ಯಾರೇಜಿನ ತನಕ ನಡೆದುಹೋಗಿ ಸುಮ್ಮನೆ ವಾಪಸ್ ಬಂದರು. ಏನು ಹೇಳಿದಿರಿ ಎಂದರೆ "ಏನಿಲ್ಲ, ವಾಕಿಂಗು" ಎಂದರು.

ಮಾರ್ಚ್ 18, ಮಂಗಳವಾರ

ಬೆಳಗಿನ ಪಾಳಿ. ಭಾವನ ವ್ಯಾನು ತಿರುವಿನಲ್ಲಿ ಹಾರ್ನ್ ಹೊಡೆಯುತ್ತಲೇ ಇತ್ತು. ಐದೂ ಜನ ಅದರ ಪಕ್ಕದಿಂದಲೇ ನಡೆದು ಬಂದು ನನ್ನ ಬಾಗಿಲು ತೆಗೆದರು. ಹಿಂದೆ ನಾಲ್ವರು ಒತ್ತಿಕೊಂಡು, ಮುಂದೆ ಒಬ್ಬಳು. ಬ್ರೇಕು ಯಾರು ಹಾಕಿದ್ದೆಂದು ಎಲ್ಲರಿಗೂ ಗೊತ್ತಿತ್ತು. ಎರಡು ತಿರುವು ದಾಟುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಗೊರಕೆ.

ಆಸ್ಪತ್ರೆಯ ಹತ್ತಿರದ ಕೂಡುರಸ್ತೆಯಲ್ಲಿ ಲಾರಿಯೊಂದು ಸಿಗ್ನಲ್ ಲೆಕ್ಕಿಸದೆ ಅಡ್ಡ ನುಗ್ಗಿತು. ಒತ್ತಿದೆ, ಪೂರ್ತಿ. ಲಾರಿ ಗಾಳಿ ಬೀಸಿಕೊಂಡು ಮೂತಿಯೆದುರೇ ಹಾದುಹೋಯಿತು. ಮುಂದೆ ಕೂತವಳು ಕಣ್ಣು ಬಿಟ್ಟು, "ಬಂತಾ ಅಕ್ಕ?" ಎಂದಳು.

"ಇಲ್ಲ, ಇನ್ನೂ ಮಲಕ್ಕೋ" ಎಂದೆ.

ಬಿಳಿ ಗೆರೆಗೆ ಒಂದು ಗೇಣು ಮುಂಚೆ, ಆ ಕಡೆ ಈ ಕಡೆ ಎಳೆಯದೆ, ನೆಟ್ಟಗೆ ನಿಂತಿತ್ತು ನನ್ನ ಕಾರು.